ಗಾಲ್ಫ್ ಹುಲ್ಲಿನ ಮೇಲೆ ಯಾರ ಹಾಡು? ಯಾರ ಮೌನ?

ಗಾಲ್ಫ್ ಆಡುವ ದೊರೆಗಳ ನಡುವೆ ಒಂದು ಜಗಳ ಹತ್ತಿಕೊಂಡಿದೆ. ಕೂಲಿಯ ಜಗಳ ಅಲ್ಲ. ನೆಲದ ಜಗಳವಂತೂ ಅಲ್ಲವೇ ಅಲ್ಲ. ಆಟ ಆಡುವಾಗ ಹಾಡು ಹಾಕಬಹುದೋ ಹಾಕಬಾರದೋ ಅನ್ನುವ ಜಗಳ. ಗಾಡಿಯಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡು ಹಾಡು ಹಚ್ಚಿಕೊಂಡು ಹೋಗುವವರು ಒಂದು ಕಡೆ. ಇದೇನು ಗಾಲ್ಫ್ ಮೈದಾನವೋ ಸಂತೆ ಮಾಳವೋ ಅಂತ ಹುಬ್ಬು ಗಂಟಿಕ್ಕುವವರು ಇನ್ನೊಂದು ಕಡೆ.

ದೊಡ್ಡೋರ ಮನೆ ಜಗಳ, ನಮಗ್ಯಾಕಪ್ಪ ಅಂತ ನೀವು ಕೇಳಬಹುದು. ನಮಗೆ ಬೇಕು. ಯಾಕೆಂದರೆ ಈ ಜಗಳದ ಎರಡು ಕಡೆಯವರೂ ಒಂದು ಮಾತನ್ನು ಮೊದಲೇ ಒಪ್ಪಿಕೊಂಡು ಆಮೇಲೆ ಕಿತ್ತಾಡುತ್ತಿದ್ದಾರೆ. ಆ ಬಯಲಿನ ಸದ್ದೂ ತಮ್ಮದೇ, ಮೌನವೂ ತಮ್ಮದೇ ಅನ್ನುವುದು ಆ ಮಾತು. ಪಕ್ಕದಲ್ಲಿ ಬ್ಯಾಗು ಹೊತ್ತು ನಿಂತವನಿಗೂ ಎರಡು ಕಿವಿ ಇವೆ, ಒಂದು ಬಾಯಿ ಇದೆ ಅನ್ನುವುದು ಇಬ್ಬರ ಲೆಕ್ಕಕ್ಕೂ ಬಂದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಬಡವಾಗಿರುವ ಕೂಸು ಕ್ಯಾಡಿ.

ಮೊದಲು ಮೌನದ ಪಕ್ಷದವರ ವಾದ ಕೇಳೋಣ. ಗಾಲ್ಫ್ ಏಕಾಗ್ರತೆಯ ಆಟ, ಸಜ್ಜನರ ಆಟ, ಒಬ್ಬ ಕೋಲು ಎತ್ತಿದರೆ ಉಳಿದವರು ಉಸಿರು ಬಿಗಿಹಿಡಿಯಬೇಕು, ಇದು ಶತಮಾನಗಳ ಸಂಪ್ರದಾಯ ಅಂತಾರೆ.

ಅಲ್ಲಾ ಸ್ವಾಮಿ, ಕ್ರಿಕೆಟ್ ಆಡುವವನ ಮುಂದೆ ಗಂಟೆಗೆ 90 ಮೈಲಿ ವೇಗದಲ್ಲಿ ಚೆಂಡು ನುಗ್ಗಿ ಬರ್ತದೆ. ಸುತ್ತ ಸಾವಿರಾರು ಜನ ಕಿರುಚ್ತಾರೆ, ಪೀಪಿ ಊದ್ತಾರೆ, ಡೋಲು ಬಡೀತಾರೆ. ಅವನು ಹೊಡೀತಾನೆ. ಕಬಡ್ಡಿಯ ಹುಡುಗ ಹತ್ತು ಜನರ ಕೂಗಾಟದಲ್ಲಿ ಉಸಿರು ಹಿಡಿದು ಎದುರಾಳಿಯ ಅಂಗಳಕ್ಕೆ ಹೋಗಿ ಬರ್ತಾನೆ. ನಿಮ್ಮ ಗಾಲ್ಫಿನ ಚೆಂಡಾದರೋ ಹುಲ್ಲಿನ ಮೇಲೆ ಸತ್ತ ಹಾಗೆ ಬಿದ್ದಿರ್ತದೆ. ಎಲ್ಲೂ ಓಡಿ ಹೋಗಲ್ಲ. ಅದನ್ನು ಹೊಡೆಯೋಕೆ ಲೋಕವೇ ಬಾಯಿ ಮುಚ್ಚಬೇಕಾ?

ಮುಚ್ಚಬೇಕಿಲ್ಲ ಅನ್ನುವುದನ್ನು ಅವರೇ ತೋರಿಸಿದ್ದಾರೆ. ಅಮೆರಿಕದ ಅರಿಜೋನಾ ರಾಜ್ಯದ ಸ್ಕಾಟ್ಸ್‌ಡೇಲ್‌ನಲ್ಲಿ ನಡೆಯುವ ಫೀನಿಕ್ಸ್ ಓಪನ್ ಪಂದ್ಯದಲ್ಲಿ 16ನೇ ಕುಳಿಯ ಸುತ್ತ ಸ್ಟೇಡಿಯಂ ಕಟ್ಟಿದ್ದಾರೆ. ಅಲ್ಲಿ ಜನ ಬೀರು ಹಿಡಿದು ಕೂಗೋದೇ ಒಂದು ಹಬ್ಬ. ಸೌದಿ ಅರೇಬಿಯಾದ ಸರ್ಕಾರಿ ನಿಧಿಯ ದುಡ್ಡಿನಿಂದ 2022ರಲ್ಲಿ ಶುರುವಾದ ಲಿವ್ ಗಾಲ್ಫ್ ಪಂದ್ಯಾವಳಿ ಮೈದಾನದ ತುಂಬಾ ಧ್ವನಿವರ್ಧಕ ಹಾಕಿ, ಇದು ಜೋರು ಸದ್ದಿನ ಗಾಲ್ಫ್ ಅಂತಲೇ ಜಾಹೀರಾತು ಮಾಡಿತು. ಆ ಸದ್ದಿನಲ್ಲೂ ಚೆಂಡುಗಳು ಕುಳಿಗೆ ಬಿದ್ದವು, ಕೋಟಿಗಳು ಜೇಬಿಗೆ ಬಿದ್ದವು.

ಇನ್ನು ಅವರು ಕೊಂಡಾಡುವ ಪ್ರಕೃತಿಯ ಮೌನದ ಕತೆ ಕೇಳಿ. 2000ದಲ್ಲಿ ಅಮೆರಿಕದ ಸಿಬಿಎಸ್ ಟೀವಿ ಗಾಲ್ಫ್ ಪಂದ್ಯಗಳ ಪ್ರಸಾರದಲ್ಲಿ ಟೇಪಿನ ಹಕ್ಕಿ ಕೂಗು ಬೆರೆಸುತ್ತಿದ್ದದ್ದು ಬಯಲಾಯಿತು. ಕಂಡುಹಿಡಿದವರು ಹಕ್ಕಿ ಬಲ್ಲ ಜನ. ಈ ಹಕ್ಕಿ ಈ ಸೀಮೆಯದ್ದೇ ಅಲ್ಲವಲ್ಲ ಅಂತ ಅವರು ಕೇಳಿದರು, ಕಂಪನಿ ಒಪ್ಪಿಕೊಂಡಿತು. ನೋಡಿ, ಅವರ ಮೌನವೂ ಕ್ಯಾಸೆಟ್ಟಿನಲ್ಲಿ ತುಂಬಿದ ಮಾಲು!

ಹಾಗಾದರೆ ಸ್ಪೀಕರ್ ಪಕ್ಷದವರು ನಮ್ಮ ಕಡೆಯವರೋ? ಕಾಲ ಬದಲಾಗಿದೆ, ಗಾಲ್ಫ್ ಎಲ್ಲರದ್ದಾಗಬೇಕು, ಹಾಡು ಇದ್ದರೆ ಹೊಸಬರು ಬರ್ತಾರೆ ಅಂತ ಅವರು ಹೇಳ್ತಾರೆ. ಕೇಳೋಕೆ ಚೆಂದ. ಸ್ಕಾಟ್ಲೆಂಡಿನ ಆರ್ ಅಂಡ್ ಎ ಸಂಸ್ಥೆ ಮತ್ತು ಅಮೆರಿಕದ ಗಾಲ್ಫ್ ಸಂಸ್ಥೆ ಸೇರಿ 2019ರಲ್ಲಿ ತಂದ ನಿಯಮಗಳು ಇವರ ಕೈಗೆ ಬಲ ಕೊಟ್ಟಿವೆ. ಅದರ 4.3ನೇ ನಿಯಮದ ಪ್ರಕಾರ ಆಡುವಾಗ ಹಿನ್ನೆಲೆ ಸಂಗೀತ ಕೇಳಬಹುದು, ಪಂದ್ಯಕ್ಕೆ ಸಂಬಂಧಪಡದ ಸುದ್ದಿಯನ್ನೂ ಕೇಳಬಹುದು. ಆದರೆ ಬೇರೆ ಸದ್ದು ಕಿವಿಗೆ ಬೀಳದಿರಲಿ ಅಂತಲೋ, ಕೋಲು ಬೀಸುವ ಲಯ ಕೂಡಿ ಬರಲಿ ಅಂತಲೋ ಸಂಗೀತ ಕೇಳಿದರೆ ತಪ್ಪು. ಅದಕ್ಕೆ ದಂಡ ಇದೆ.

ಈ ನಿಯಮವನ್ನು ಎರಡು ಸಲ ಓದಿ. ಹಾಡು ಸುಮ್ಮನೆ ಕಿವಿಯ ಪಕ್ಕ ಹರಿದು ಹೋದರೆ ಸರಿ. ಮೈಯ ಕೆಲಸಕ್ಕೆ ಒದಗಿದರೆ ಮೋಸ! ನಮ್ಮ ಹಟ್ಟಿಗಳಲ್ಲಿ ಹಾಡು ಹುಟ್ಟಿದ್ದೇ ಮೈಯ ಕೆಲಸಕ್ಕೆ. ರಾಗಿ ಬೀಸುವಾಗ ಬೀಸುವ ಪದ, ಭತ್ತ ಕುಟ್ಟುವಾಗ ಕುಟ್ಟುವ ಪದ, ಕೆಸರಲ್ಲಿ ಬೆನ್ನು ಬಗ್ಗಿಸಿ ನಾಟಿ ಹಾಕುವಾಗ ನಾಟಿ ಪದ. ಲಯ ತಪ್ಪಿದರೆ ಒನಕೆ ಪಕ್ಕದವಳ ಕೈ ಮೇಲೆ ಬೀಳ್ತದೆ. ಲಯ ಇದ್ದರೆ ಹೊತ್ತು ಇಳೀತದೆ, ನೋವು ಮರೀತದೆ. ಆ ಹಾಡಿಗೆ ಗೌಡರು ಯಾವತ್ತೂ ಅಡ್ಡಿ ಮಾಡಲಿಲ್ಲ, ಯಾಕೆಂದರೆ ಹಾಡಿದರೆ ಅವರ ಗದ್ದೆಯ ಕೆಲಸ ಬೇಗ ಸಾಗ್ತಿತ್ತು. ದುಡಿಯುವವನ ಹಾಡು ಮಾಲೀಕನ ಲಾಭಕ್ಕೆ ಒದಗಬೇಕು, ಆಡುವವನ ಹಾಡು ಯಾವುದಕ್ಕೂ ಒದಗಬಾರದು. ಎರಡು ಲೋಕಕ್ಕೆ ಎರಡು ವ್ಯಾಕರಣ.

ಎಲ್ಲರ ಗಾಲ್ಫ್ ಅನ್ನುವ ಇವರನ್ನು ಒಂದು ಪ್ರಶ್ನೆ ಕೇಳಿ ನೋಡಿ. ನಿಮ್ಮ ಗಾಡಿಯ ಸ್ಪೀಕರಿನಲ್ಲಿ ಯಾವ ಹಾಡು ಹಾಕಬೇಕು ಅಂತ ನಿಮ್ಮ ಕ್ಯಾಡಿಯನ್ನು ಒಂದು ದಿನವಾದರೂ ಕೇಳಿದ್ದೀರಾ? ಅವನಿಗೆ ತಲೆನೋವಿದ್ದರೆ ಸದ್ದು ಕಡಿಮೆ ಮಾಡಿ ಅನ್ನುವ ಹಕ್ಕು ಅವನಿಗಿದೆಯಾ? ಅವನು ಒಂದು ಪದ ಗುನುಗಿದರೆ ನಿಮ್ಮ ಹೊಸ ಕಾಲ ಸಹಿಸ್ತದಾ?

ಇಲ್ಲ. ಯಾಕೆಂದರೆ ಕ್ಯಾಡಿಗೆ ಬೇರೆಯೇ ನಿಯಮ ಇದೆ. ಇಂಗ್ಲಿಷಿನಲ್ಲಿ ಗಾದೆಯೇ ಆಗಿಹೋಗಿರುವ ನಿಯಮ ಅದು: ಹೊತ್ತಿಗೆ ಬಾ, ಹಿಂದೆ ಹಿಂದೆ ಬಾ, ಬಾಯಿ ಮುಚ್ಚಿಕೊಂಡು ಬಾ. ತಮಾಷೆ ಅಂತ ನಗ್ತಾರೆ. ನಮ್ಮ ಹಿರೀಕರಿಗೆ ಈ ತಮಾಷೆ ಚೆನ್ನಾಗಿ ಗೊತ್ತು. ಒಡೆಯರ ಹಟ್ಟಿಯ ಜೀತದಾಳಿಗೂ ಇದೇ ಮೂರು ಮಾತು ಹೇಳಿದ್ದರು.

ಈ ಆಟದ ಚರಿತ್ರೆಯ ತುಂಬಾ ಈ ಬಾಯಿ ಮುಚ್ಚಿಸುವ ಕತೆಯೇ. ಅಮೆರಿಕದ ವೃತ್ತಿಪರ ಗಾಲ್ಫ್ ಸಂಘದ ಕಾನೂನಿನಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಅನ್ನುವ ಸಾಲು 1961ರವರೆಗೂ ಇತ್ತು. ಜಾರ್ಜಿಯಾ ರಾಜ್ಯದ ಆಗಸ್ಟಾ ನ್ಯಾಷನಲ್ ಕ್ಲಬ್ಬಿನ ಮಾಸ್ಟರ್ಸ್ ಪಂದ್ಯದಲ್ಲಿ 1982ರವರೆಗೆ ಎಲ್ಲ ಆಟಗಾರರೂ ಆ ಕ್ಲಬ್ಬಿನ ಕ್ಯಾಡಿಗಳನ್ನೇ ಇಟ್ಟುಕೊಳ್ಳಬೇಕಿತ್ತು. ಕ್ಯಾಡಿಗಳೆಲ್ಲ ಕರಿಯರು. ಆಡೋಕೆ ಒಬ್ಬ ಕರಿಯನಿಗೆ, ಲೀ ಎಲ್ಡರ್ ಅವರಿಗೆ, ಅಲ್ಲಿ ಬಾಗಿಲು ತೆರೆದದ್ದು 1975ರಲ್ಲಿ. ಕ್ಲಬ್ಬಿನ ಸದಸ್ಯತ್ವ ಒಬ್ಬ ಕರಿಯನಿಗೆ ಸಿಕ್ಕಿದ್ದು 1990ರಲ್ಲಿ. ಹುಲ್ಲಿನ ಪ್ರತಿ ಇಳಿಜಾರನ್ನೂ ಬಲ್ಲ ಕ್ಯಾಡಿಯ ತಿಳುವಳಿಕೆ ಬೇಕಿತ್ತು, ಅವನ ಬೆನ್ನು ಬೇಕಿತ್ತು. ಅವನು ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡೋದು ಬೇಕಿರಲಿಲ್ಲ.

ದಕ್ಷಿಣ ಆಫ್ರಿಕದ ಪಾಪ್ವಾ ಸೆವ್‌ಗೋಲಂ ಅವರ ಹೆಸರನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಯಾರಾದರೂ ಓದಿದ್ದೀರಾ? ಭಾರತ ಮೂಲದ ಬಡ ಮನುಷ್ಯ, ಡರ್ಬನ್ನಿನ ಕ್ಯಾಡಿ. ಬೇರೆಯವರು ಬಲಗೈ ಕೆಳಗೆ ಹಿಡಿಯುವ ಕೋಲನ್ನು ಎಡಗೈ ಕೆಳಗೆ ಹಿಡಿದು ಆಡಿದವರು. 1959, 1960 ಮತ್ತು 1964ರಲ್ಲಿ ಡಚ್ ಓಪನ್ ಗೆದ್ದವರು. 1963ರಲ್ಲಿ ತನ್ನದೇ ಊರಲ್ಲಿ ನಟಾಲ್ ಓಪನ್ ಗೆದ್ದಾಗ ಮಳೆ ಸುರೀತಿತ್ತು. ಸೋತ ಬಿಳಿಯರು ಕ್ಲಬ್ಬಿನ ಒಳಗೆ ಬೆಚ್ಚಗಿದ್ದರು. ಬಣ್ಣದ ಕಾರಣಕ್ಕೆ ಒಳಗೆ ಕಾಲಿಡುವ ಹಾಗಿಲ್ಲದ ಗೆದ್ದವನಿಗೆ ಹೊರಗೆ ಮಳೆಯಲ್ಲೇ ಬಹುಮಾನ ಕೊಟ್ಟರು. ಹೊಟೇಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದ ಜನಕ್ಕೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ. ಅದು ಹೊರದೇಶದ ಕತೆ, ಹಳೇ ಕತೆ ಅನ್ನುವವರು 2017ರ ದೆಹಲಿ ನೆನಪು ಮಾಡಿಕೊಳ್ಳಲಿ. ದೆಹಲಿ ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಊಟಕ್ಕೆ ಹೋಗಿದ್ದ ಮೇಘಾಲಯದ ಖಾಸಿ ಹೆಣ್ಣುಮಗಳೊಬ್ಬಳನ್ನು ಎಬ್ಬಿಸಿ ಹೊರಗೆ ಕಳಿಸಿದರು. ಅವಳು ಉಟ್ಟಿದ್ದ ಜೈನ್‌ಸೆಮ್, ಅವಳ ಜನರ ಉಡುಗೆ, ಕೆಲಸದವಳ ಬಟ್ಟೆಯ ಹಾಗೆ ಕಂಡಿತಂತೆ.

ಕ್ಯಾಡಿ ಬಾಯಿ ತೆಗೆದರೂ ಕೇಳುವ ಕಿವಿ ಎಲ್ಲಿದೆ? ರಾಯಲ್ ಹಾಂಗ್‌ಕಾಂಗ್ ಗಾಲ್ಫ್ ಕ್ಲಬ್ಬಿನ ಕ್ಯಾಡಿಯೊಬ್ಬ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋದ. ಕ್ಲಬ್ಬು ಅವನಿಗೆ ನಂಬರು ಕೊಟ್ಟಿತ್ತು, ಸಮವಸ್ತ್ರ ಕೊಟ್ಟಿತ್ತು, ಸರದಿ ಬಂದಾಗ ಕರೀತಿತ್ತು. ನಾನು ನಿಮ್ಮ ಕೆಲಸಗಾರ ಹೌದೋ ಅಲ್ಲವೋ ಅಂತ ಅವನು ಕೇಳಿದ. ಅಲ್ಲ ಅಂತ 1997ರಲ್ಲಿ ತೀರ್ಪು ಬಂತು. ನಮ್ಮಲ್ಲಿ? ಮದರಾಸಿನ ಜಿಮ್ಖಾನಾ ಕ್ಲಬ್ಬಿನ ನೌಕರರು ಸುಪ್ರೀಂ ಕೋರ್ಟಿಗೆ ಹೋದಾಗ, ಸದಸ್ಯರ ಕ್ಲಬ್ಬು ಉದ್ಯಮವೇ ಅಲ್ಲ ಅಂತ 1967ರಲ್ಲಿ ತೀರ್ಪಾಯಿತು. ಆ ಕ್ಲಬ್ಬಿಗೆ ಗಿಂಡಿಯಲ್ಲಿ ಗಾಲ್ಫ್ ಮೈದಾನವೂ ಇತ್ತು. ಉದ್ಯಮ ಅಲ್ಲ ಅಂದಮೇಲೆ ಕಾರ್ಮಿಕ ವಿವಾದವೂ ಇಲ್ಲ! ಆ ತೀರ್ಪನ್ನು ಬದಿಗೆ ಸರಿಸಲು 1978ರ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆ ಬರಬೇಕಾಯಿತು. ಬೆಂಗಳೂರಿನ ನೀರಿನ ಕೆಲಸಗಾರರ ಹೋರಾಟ ದೇಶದ ಕ್ಲಬ್ಬುಗಳ ಬಾಗಿಲನ್ನು ತಟ್ಟಿತು ಅನ್ನುವುದನ್ನು ನಾವು ಮರೆಯಬಾರದು. ಆದರೆ ತೀರ್ಪು ಒಂದು, ಬದುಕು ಒಂದು. ಹೊಡೆತಕ್ಕಿಷ್ಟು, ಸುತ್ತಿಗಿಷ್ಟು ಅಂತ ಕೈಗೆ ಬೀಳುವ ನೋಟು, ಮೇಲಿಷ್ಟು ಭಕ್ಷೀಸು. ದಿನಗೂಲಿಯ ಕ್ಯಾಡಿಗೆ ಮಳೆ ಬಂದ ದಿನ ಕೂಲಿ ಇಲ್ಲ. ಕಾಲು ಉಳುಕಿದ ದಿನ ಯಾರೂ ಕೇಳೋರಿಲ್ಲ.

ಬುದ್ಧಿಗೆ ಕೊರತೆಯೇ? ಕೋಲಿಗೆ ಕೊರತೆಯೇ? ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬ್ಯಾಗು ಹೊತ್ತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದು ತೋರಿಸಿದರು. ಹೊರೆ ಇಳಿಸಿ ಕೋಲು ಕೊಟ್ಟರೆ ಏನಾಗ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಈಗ ಸ್ಪೀಕರ್ ಪಕ್ಷದವರ ಹೊಸ ಆಟ ನೋಡಿ. ಬುಶ್‌ನೆಲ್ ಅನ್ನುವ ಕಂಪನಿ ‘ವಿಂಗ್‌ಮ್ಯಾನ್’ ಅಂತ ಒಂದು ಸ್ಪೀಕರ್ ಮಾರುತ್ತಾ ಬಂದಿದೆ. ಅಯಸ್ಕಾಂತದಿಂದ ಗಾಡಿಯ ಸರಳಿಗೆ ಅಂಟಿಕೊಳ್ತದೆ. ಹಾಡು ಹಾಡ್ತದೆ. ಗುಂಡಿ ಒತ್ತಿದರೆ ಕುಳಿ ಇನ್ನೆಷ್ಟು ದೂರ ಇದೆ ಅಂತ ಬಾಯಿಬಿಟ್ಟು ಹೇಳ್ತದೆ. ಇದೇ ತಾನೇ ಕ್ಯಾಡಿ ಹೇಳ್ತಿದ್ದದ್ದು?

‘ಏಯ್, ಎಷ್ಟು ದೂರ?’

‘ನೂರೈವತ್ತು ಗಜ ಸಾರ್. ಗಾಳಿ ಎದುರಿಗಿದೆ.’

ಇಡೀ ಸುತ್ತಿನಲ್ಲಿ ಅವನಿಗೆ ಬಾಯಿ ತೆರೆಯಲು ಇದ್ದದ್ದು ಇದೊಂದೇ ಅವಕಾಶ. ಅದೊಂದು ಮಾತಿನಲ್ಲಿ ಅವನ ಅನುಭವ ಇತ್ತು, ಅವನಿಗೊಂದು ಬೆಲೆ ಇತ್ತು. ಈಗ ಅದನ್ನೂ ಪೆಟ್ಟಿಗೆ ಹೇಳ್ತದೆ. ಪೆಟ್ಟಿಗೆಗೆ ಭಕ್ಷೀಸು ಬೇಡ, ಬಿಸಿಲಿಲ್ಲ, ಮಗಳ ಮದುವೆ ಇಲ್ಲ. ಹಾಡು ಬಂದದ್ದು ಮೌನ ಮುರಿಯಲಿಕ್ಕೆ ಅಂದುಕೊಂಡಿರಾ? ಕ್ಯಾಡಿಯ ಕೊನೆಯ ಮಾತನ್ನೂ ಕಿತ್ತುಕೊಳ್ಳಲಿಕ್ಕೆ ಬಂದಿದೆ. ಮೌನದ ಪಕ್ಷದವರು ಅವನ ಬಾಯಿ ಮುಚ್ಚಿಸಿದರು. ಸದ್ದಿನ ಪಕ್ಷದವರು ಅವನ ಬಾಯೇ ಬೇಡ ಅಂತಿದ್ದಾರೆ.

ಗೆಳೆಯರೇ, ಸದ್ದಿನ ರಾಜಕಾರಣ ನಮಗೆ ಗಾಲ್ಫಿನಿಂದ ಕಲಿಯಬೇಕಾದದ್ದಲ್ಲ. ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಬಳೆಗೆ ಬಿಗಿದು, ಬೆಂಕಿಗೆ ಕಾಯಿಸಿ ತಮಟೆ ಮಾಡಿದವರು ನಾವು. ಆದರೆ ಅದನ್ನು ಯಾವಾಗ ಬಡಿಯಬೇಕು, ಯಾವಾಗ ನಿಲ್ಲಿಸಬೇಕು ಅಂತ ಹೇಳಿದವರು ಬೇರೆ. ಊರ ಹಬ್ಬಕ್ಕೆ ಬಡಿ, ಸಾವಿಗೆ ಬಡಿ, ಡಂಗುರಕ್ಕೆ ಬಡಿ. ಗುಡಿಯ ಬಾಗಿಲಲ್ಲಿ ಮಾತ್ರ ದೂರ ನಿಲ್ಲು. ಬಡಿದ ಕೈಗೆ ಪ್ರಸಾದ ಎತ್ತಿ ಹಾಕು. ನಮ್ಮ ಸದ್ದು ಅವರ ಅಪ್ಪಣೆಯ ಸದ್ದಾಗಿತ್ತು. ನಮಗಾಗಿ ನಾವು ಸದ್ದು ಮಾಡಿದ ದಿನ ಅದು ಅಪರಾಧ. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯಲ್ಲಿ ದಲಿತ ಹುಡುಗನೊಬ್ಬ ತನ್ನ ಮದುವೆಯ ದಿಬ್ಬಣ ಠಾಕೂರರ ಬೀದಿಯಲ್ಲಿ ಹೋಗಬೇಕು ಅಂತ ಹೈಕೋರ್ಟಿನ ತನಕ ಓಡಾಡಬೇಕಾಯಿತು. ಕೊನೆಗೆ ಪೊಲೀಸರ ಕಾವಲಿನಲ್ಲಿ ದಿಬ್ಬಣ ಹೊರಟಿತು. ಗಾಲ್ಫ್ ಗಾಡಿಯ ಮೇಲೆ ಹಾಡು ಹಾಕಿಕೊಂಡು ಹೋಗುವವನಿಗೆ ಯಾವ ಹೈಕೋರ್ಟೂ ಬೇಕಿಲ್ಲ, ಪಕ್ಕದವನ ಮುಖ ಸಿಂಡರಿಸುವುದೇ ಅವನಿಗಿರುವ ದೊಡ್ಡ ಕಷ್ಟ. ಎರಡೂ ಸಂಗೀತವೇ. ಒಂದಕ್ಕೆ ಶಿಷ್ಟಾಚಾರದ ಚರ್ಚೆ, ಇನ್ನೊಂದಕ್ಕೆ ಲಾಠಿ ಕಾವಲು.

1920ರಲ್ಲಿ ಬಾಬಾಸಾಹೇಬರು ಪತ್ರಿಕೆ ತಂದಾಗ ಅದಕ್ಕೆ ‘ಮೂಕನಾಯಕ’ ಅಂತ ಹೆಸರಿಟ್ಟರು. ಮೂಕರು ಹುಟ್ಟಿನಿಂದ ಮೂಕರಲ್ಲ, ಅವರನ್ನು ಮೂಕರನ್ನಾಗಿ ಮಾಡಲಾಗಿದೆ ಅನ್ನುವುದು ಆ ಹೆಸರಿನಲ್ಲೇ ಇತ್ತು. ಏಳು ವರ್ಷ ಕಳೆದು 1927ರಲ್ಲಿ ಮಹಾಡಿನ ಕೆರೆಗೆ ನಡೆದು ನೀರು ಮುಟ್ಟಿದರು. ಮಾತು ಮತ್ತು ನೀರು, ಎರಡೂ ಒಂದೇ ಹೋರಾಟ ಅಂತ ಬಾಬಾಸಾಹೇಬರಿಗೆ ಗೊತ್ತಿತ್ತು.

ಈಗ ನಮ್ಮ ಬೆಂಗಳೂರಿನ ಕಡೆ ತಿರುಗಿ. ಇಲ್ಲಿನ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದ್ದು, ಬಿಳಿ ದೊರೆಗಳ ಕಾಲದ್ದು. ದೊರೆಗಳು ಹೋದರು, ಹುಲ್ಲು ಉಳಿಯಿತು, ಹುಲ್ಲಿನ ಮೇಲೆ ಕರಿ ದೊರೆಗಳು ಬಂದರು. ಹಳೇ ಏರ್‌ಪೋರ್ಟ್ ರಸ್ತೆಯ ಪಕ್ಕದ ಕರ್ನಾಟಕ ಗಾಲ್ಫ್ ಅಸೋಸಿಯೇಶನ್ನಿನ ಮೈದಾನ ಎದ್ದು ನಿಂತಿರುವುದು ಚಲ್ಲಘಟ್ಟ ಕೆರೆಯ ಅಂಗಳದ ಮೇಲೆ. ಕೆರೆ ಅಂದರೆ ಏನು ಅಂತ ಈ ಸೀಮೆಯ ನೀರಗಂಟಿಗಳ ಮಕ್ಕಳನ್ನು ಕೇಳಿ. ತೂಬು ಎತ್ತುವ, ಗದ್ದೆಗದ್ದೆಗೆ ನೀರು ಹಂಚುವ ಕೆಲಸ ನೀರಗಂಟಿಯದು. ನೀರು ಬಿಡುವ ದಿನ, ಕೆರೆ ಕೆಲಸದ ದಿನ, ಊರಿಗೆಲ್ಲ ತಮಟೆ ಬಡಿದು ಸಾರುತ್ತಿದ್ದದ್ದು ತೋಟಿ. ಬಹುಪಾಲು ಊರುಗಳಲ್ಲಿ ಈ ಎರಡೂ ಕೆಲಸ ಹೊಲಗೇರಿ ಮಾದಿಗರ ಕೇರಿಯವರದ್ದೇ. ಕೆರೆ ಏರಿಯ ಮೇಲೆ ಹೀಗೆ ಒಂದು ಸದ್ದಿತ್ತು. ಅದು ಜೀತದ ಸದ್ದೂ ಹೌದು, ಊರಿಗೆ ಬೇಕಾದ ಸದ್ದೂ ಹೌದು. ಕೆರೆ ಹೋಯಿತು, ತೂಬು ಹೋಯಿತು, ಡಂಗುರ ಹೋಯಿತು. ಕೆರೆಯ ಅಂಗಳದಲ್ಲಿ ಈಗ ಬೇಲಿ, ಹುಲ್ಲು, ಸದಸ್ಯತ್ವ. ಮಹಾಡಿನಲ್ಲಿ ಮುಟ್ಟೋಕೆ ನೀರಾದರೂ ಇತ್ತು. ಇಲ್ಲಿ ಮುಟ್ಟೋಣ ಅಂದರೆ ಕೆರೆಯೇ ಇಲ್ಲ!

ಹಾಗಾಗಿ ಹುಲ್ಲಿನ ಮೇಲೆ ಹಾಡೋ ಮೌನವೋ ಅಂತ ಕೇಳುವವರಿಗೆ ನಮ್ಮ ಪ್ರಶ್ನೆ ಒಂದೇ. ಆ ಹುಲ್ಲಿನ ಕೆಳಗೆ ಏನನ್ನು ಮುಚ್ಚಿದ್ದೀರಿ?

ನಮ್ಮಲ್ಲೂ ಕೆಲವು ಹುರುಪಿನ ಹುಡುಗರು, ನಡೀರಿ, ತಮಟೆ ಹಿಡಿದು ಗಾಲ್ಫ್ ಮೈದಾನಕ್ಕೆ ನುಗ್ಗೋಣ ಅನ್ನಬಹುದು. ತಡೆಯಿರಿ. ದೊರೆಗಳು ಬುದ್ಧಿವಂತರು. ನಾಳೆ ಅವರೇ ಕರೀತಾರೆ. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಜಾನಪದ ಕಾರ್ಯಕ್ರಮ ಅಂತ ಹಾಕಿ, ಬಣ್ಣದ ಪೇಟ ಸುತ್ತಿಸಿ, ಬಾಗಿಲಲ್ಲಿ ನಿಲ್ಲಿಸಿ ಬಡಿಸ್ತಾರೆ. ಗುಡಿಯ ಬಾಗಿಲಿನಿಂದ ಕ್ಲಬ್ಬಿನ ಬಾಗಿಲಿಗೆ ಬಂದ ಹಾಗಾಯ್ತು, ಅಷ್ಟೇ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆ ಕೈಗಳಿಗೆ ಅದು ಸಲ್ಲಬೇಕಾದ ಗೌರವ. ಆದರೆ ತಮಟೆಗೆ ಪದಕ ಕೊಟ್ಟು, ತಮಟೆಯವನಿಗೆ ನೆಲ ಕೊಡದ ಸರ್ಕಾರವನ್ನು ನಾವು ಗುರುತು ಹಿಡಿಯದಷ್ಟು ಕುರುಡರಲ್ಲ. ನಮ್ಮ ಚಳವಳಿ ತಮಟೆಯನ್ನು ಹೆಗಲಿಂದ ಇಳಿಸು ಅಂತಲೂ ಹೇಳಿದೆ, ಜಾಥಾದಲ್ಲಿ ಎತ್ತಿ ಬಡಿ ಅಂತಲೂ ಹೇಳಿದೆ. ಎರಡರಲ್ಲೂ ಇರುವ ಅರ್ಥ ಒಂದೇ. ಯಾರ ಅಪ್ಪಣೆಗೆ ಬಡೀತಿದ್ದೀಯ ಅನ್ನುವುದನ್ನು ನೋಡಿಕೊಂಡು ಬಡಿ.

ಆದ್ದರಿಂದ ಸ್ಪೀಕರ್ ಬೇಕು ಅನ್ನುವವರ ಅರ್ಜಿಗೂ ನಮ್ಮ ರುಜು ಇಲ್ಲ, ಬೇಡ ಅನ್ನುವವರ ಅರ್ಜಿಗೂ ಇಲ್ಲ. ನಮ್ಮ ಅರ್ಜಿ ಬೇರೆ.

ಕ್ಯಾಡಿ ಕೆಲಸಗಾರ ಅಂತ ಬರೆದು ಒಪ್ಪಿಕೊಳ್ಳಿ. ಹಾಜರಿ ಪುಸ್ತಕದಲ್ಲಿ ಹೆಸರು ಬರಲಿ, ತಿಂಗಳಿಗೆ ಕೂಲಿ ಬರಲಿ, ಭವಿಷ್ಯನಿಧಿ ಬರಲಿ, ಕಾಲು ಮುರಿದರೆ ಇಎಸ್‌ಐ ಆಸ್ಪತ್ರೆಯ ಚೀಟಿ ಬರಲಿ. ಚೆಂಡು ಬಡಿದು ಕಣ್ಣು ಹೋದರೆ ಭಕ್ಷೀಸಿನಿಂದ ಕಣ್ಣು ಬರಲ್ಲ.

ಕೆರೆ ಅಂಗಳಗಳ ಮೇಲೆ, ಸರ್ಕಾರಿ ಜಮೀನುಗಳ ಮೇಲೆ ಇರುವ ಗಾಲ್ಫ್ ಮೈದಾನಗಳ ಲೆಕ್ಕ ಜನರ ಮುಂದಿಡಿ. ಎಷ್ಟು ಎಕರೆ, ಎಷ್ಟು ಗುತ್ತಿಗೆ, ಯಾರ ರುಜು. ಮನೆ ಕಟ್ಟಲು 30-40 ಅಡಿ ಸೈಟು ಕೇಳಿದ ಪೌರಕಾರ್ಮಿಕನಿಗೆ ಜಾಗ ಇಲ್ಲ ಅನ್ನುವ ಊರಲ್ಲಿ ಈ ಲೆಕ್ಕ ಕೇಳೋದು ಅಸೂಯೆ ಅಲ್ಲ, ನ್ಯಾಯ.

ಸದ್ದಿನ ನಿಯಮ ಮಾಡುವುದಾದರೆ ಆ ಬಯಲಿನಲ್ಲಿ ದುಡಿಯುವ ಎಲ್ಲರನ್ನೂ ಕೂರಿಸಿಕೊಂಡು ಮಾಡಿ. ಹುಲ್ಲು ಕತ್ತರಿಸುವ ಹೆಣ್ಣುಮಕ್ಕಳನ್ನು, ನೀರು ಹಾಯಿಸುವವರನ್ನು, ಬ್ಯಾಗು ಹೊರುವವರನ್ನು, ಬೇಲಿಯಾಚೆ ಮನೆ ಇರುವವರನ್ನು. ಅವರು ಬೇಡ ಅಂದರೆ ಸ್ಪೀಕರ್ ಆರಲಿ. ಅವರು ಬೇಕು ಅಂದರೆ ಅವರ ಪದವೂ ಕೇಳಲಿ.

ಇದನ್ನು ಕೇಳಿ ದೊರೆಗಳು ನಗಬಹುದು. ಆಟದ ಮೈದಾನಕ್ಕೂ ಜಾತಿ ತಂದಿರಾ ಅನ್ನಬಹುದು. ನಾವು ತಂದದ್ದಲ್ಲ. ಅದು ಮೊದಲಿಂದಲೂ ಅಲ್ಲೇ ಇತ್ತು, ಬಾಯಿ ಮುಚ್ಚಿಕೊಂಡು, ನಿಮ್ಮ ಹಿಂದೆ ಮೂರು ಹೆಜ್ಜೆ ದೂರದಲ್ಲಿ, ನಿಮ್ಮ ಕೋಲುಗಳನ್ನು ಹೊತ್ತುಕೊಂಡು ನಿಂತಿತ್ತು. ಈಗ ಅದು ಬಾಯಿ ತೆರೆದಿದೆ. ಇನ್ನು ನೀವು ಹಾಡು ಹಾಕಿದರೂ ಕೇಳಿಸ್ತದೆ, ಮೌನ ಮಾಡಿದರೂ ಕೇಳಿಸ್ತದೆ.